ನರಕದ ಎರಡು ಗಾಳಿಗಳು

ನರಕ ಎಂಬ ಮಾತನ್ನು ನಾವು ಕನ್ನಡಿಗರು ಬಹಳ ಸಲೀಸಾಗಿ ಬಳಸುತ್ತೇವೆ. ಸಂಜೆ ಆರರ ಹೊತ್ತಿಗೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಕೊಂಡವನಿಗೆ ಅದು ನರಕ. ಹಲ್ಲುನೋವು ಬಂದರೆ ನರಕಯಾತನೆ. ಇಲ್ಲಿ ಮೆಲ್ಬರ್ನಿನಲ್ಲಿ ಯುಗಾದಿ ಊಟಕ್ಕೆ ಸೇರಿದಾಗ ಒಬ್ಬರು ‘ಊರಿಗೆ ಹೋಗಿದ್ದೆ, ಆ ಧೂಳು, ಆ ಗಲಾಟೆ, ನರಕ ಕಣ್ರೀ’ ಎನ್ನುತ್ತಾರೆ. ಹೋಳಿಗೆ ಬಡಿಸುತ್ತಿದ್ದವರು ‘ಇಲ್ಲೇನು ಸ್ವರ್ಗಾನಾ? ಸತ್ತರೂ ಪಕ್ಕದ ಮನೆಯವರಿಗೆ ಗೊತ್ತಾಗೋಲ್ಲ’ ಎಂದು ಉತ್ತರಿಸುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಇಬ್ಬರೂ ಸ್ವರ್ಗ ನರಕಗಳನ್ನು ಭೂಪಟದ ಮೇಲೆ ಹುಡುಕುತ್ತಿದ್ದಾರೆ ಎಂಬುದೂ ಸತ್ಯವೇ.

ಈ ಲೋಕದ ಬದುಕಿಗೂ ನರಕಕ್ಕೂ ನಿಜವಾಗಿ ವ್ಯತ್ಯಾಸವಿದೆಯೇ? ಇದ್ದರೆ ಯಾವುದು? ಅಂಥ ಕಡೆ ದೇವರು ಎಲ್ಲಿರುತ್ತಾನೆ? ಈ ಪ್ರಶ್ನೆಗಳನ್ನು ಧರ್ಮಶಾಸ್ತ್ರದವರು ತಮ್ಮ ರೀತಿಯಲ್ಲಿ ಬಿಡಿಸಿಕೊಳ್ಳಲಿ. ಸಾಹಿತ್ಯದ ಓದುಗನಾಗಿ ನಾನು ಎರಡು ಕೃತಿಗಳನ್ನು ಅಕ್ಕಪಕ್ಕ ಇಟ್ಟು ನೋಡಲು ಬಯಸುತ್ತೇನೆ. ಒಂದು, ಇಟಲಿಯ ಕವಿ ದಾಂತೆಯ ‘ಡಿವೈನ್ ಕಾಮೆಡಿ’ಯ ಮೊದಲ ಭಾಗವಾದ ‘ಇನ್ಫರ್ನೊ’. ಇನ್ನೊಂದು, ಮಹಾಭಾರತದ ಕೊನೆಯದಾದ ಸ್ವರ್ಗಾರೋಹಣ ಪರ್ವ.

ದಾಂತೆ ನಮ್ಮಂತೆಯೇ ಹೊರನಾಡಿನವನು. ವ್ಯತ್ಯಾಸವಿಷ್ಟೇ: ನಾವು ವೀಸಾ ಹಿಡಿದು ಹೊರಟೆವು, ಅವನನ್ನು ಊರೇ ಅಟ್ಟಿತು. 1302ರಲ್ಲಿ ಫ್ಲಾರೆನ್ಸ್ ನಗರ ಅವನನ್ನು ಗಡಿಪಾರು ಮಾಡಿತು, ಸಿಕ್ಕರೆ ಸುಡಬೇಕೆಂದು ತೀರ್ಪು ಕೊಟ್ಟಿತು. 1321ರಲ್ಲಿ ರಾವೆನ್ನಾದಲ್ಲಿ ಸಾಯುವವರೆಗೂ ಅವನು ಹುಟ್ಟೂರಿಗೆ ಕಾಲಿಡಲಿಲ್ಲ. ಪರರ ಮನೆಯ ರೊಟ್ಟಿ ಎಷ್ಟು ಉಪ್ಪು, ಪರರ ಮೆಟ್ಟಿಲು ಎಷ್ಟು ಕಡಿದು ಎಂಬುದನ್ನು ಅವನು ತನ್ನ ಕಾವ್ಯದೊಳಗೇ ನೆನೆದಿದ್ದಾನೆ. ಅವನ ನರಕದ ತುಂಬ ಊರಿನವರೇ ಇರುವುದರಲ್ಲಿ ಆಶ್ಚರ್ಯವಿಲ್ಲ. ಉರಿಯುವ ಗೋರಿಯಲ್ಲಿ ಎದ್ದುನಿಂತ ಫರಿನಾತ ಎಂಬ ಮುಖಂಡ ದಾಂತೆಯನ್ನು ಮೊದಲು ಕೇಳುವುದೇ ‘ನಿಮ್ಮ ಹಿರಿಯರು ಯಾರು?’ ಎಂದು. ಬೆಂಕಿಯ ನಡುವೆಯೂ ಅವನಿಗೆ ಮನೆತನ, ಪಕ್ಷ, ಹಳೆಯ ಚುನಾವಣೆಯಂಥ ಜಗಳಗಳೇ ಮುಖ್ಯ. ಕನ್ನಡ ಸಂಘದ ಸಭೆಗೆ ಹೊಸದಾಗಿ ಹೋಗಿ ‘ಯಾವ ಊರು, ಯಾರ ಪೈಕಿ?’ ಎನ್ನಿಸಿಕೊಂಡವರಿಗೆ ಈ ಭಾಗ ಓದುವಾಗ ತುಸು ನಗು ಬಂದೀತು.

ನಗು ಬೇಗ ಆರಿಹೋಗುತ್ತದೆ. ಯಾಕೆಂದರೆ ದಾಂತೆಯ ನರಕಕ್ಕೆ ಇರುವ ನಿಜವಾದ ಲಕ್ಷಣ ಇದು: ಅಲ್ಲಿ ಯಾರೂ ಬದಲಾಗುವುದಿಲ್ಲ. ಫ್ರಾಂಚೆಸ್ಕಾ ತನ್ನ ಪ್ರೇಮವನ್ನು ಸಮರ್ಥಿಸಿಕೊಳ್ಳುತ್ತಲೇ ಇರುತ್ತಾಳೆ, ಉಗೊಲಿನೊ ತನ್ನ ವೈರಿಯ ತಲೆಯನ್ನು ಕಡಿಯುತ್ತಲೇ ಇರುತ್ತಾನೆ. ಪ್ರತಿಯೊಬ್ಬರಿಗೂ ಒಂದೊಂದು ಕತೆ, ಅದೇ ಕತೆ ಮತ್ತೆ ಮತ್ತೆ. ನೋವು ಭೂಮಿಯ ಮೇಲೂ ಉಂಟು, ಹಲವು ಸಲ ದಾಂತೆ ಕಲ್ಪಿಸಿದ್ದಕ್ಕಿಂತ ಹೆಚ್ಚೇ ಉಂಟು. ಆದರೆ ಭೂಮಿಯ ಮೇಲಿನ ನೋವಿನ ಪಕ್ಕದಲ್ಲಿ ನಾಳೆ ಎಂಬುದೊಂದು ಇರುತ್ತದೆ. ನಾಳೆ ಮನಸ್ಸು ತಿರುಗಬಹುದು, ಮುನಿಸು ಬಿಟ್ಟೀತು. ನರಕದಲ್ಲಿ ಆ ನಾಳೆ ಇಲ್ಲ.

ಇಷ್ಟು ಖಚಿತವಾಗಿ ಗೆರೆ ಎಳೆದ ಕವಿಯೇ ಒಂದು ಕಡೆ ಆ ಗೆರೆಯನ್ನು ಅಳಿಸಿಬಿಡುತ್ತಾನೆ. ಅದು ನರಕದ ತಳಭಾಗ, ಅತಿಥಿಗಳಿಗೆ ದ್ರೋಹ ಬಗೆದವರ ಜಾಗ. ಅಲ್ಲಿ ಬ್ರಾಂಕಾ ದೋರಿಯಾ ಎಂಬ ಜಿನೋವಾದವನು ಇದ್ದಾನೆಂದು ತಿಳಿದಾಗ ದಾಂತೆಗೆ ನಂಬಿಕೆ ಬರುವುದಿಲ್ಲ: ಆ ಮನುಷ್ಯ ಇನ್ನೂ ಸತ್ತೇ ಇಲ್ಲವಲ್ಲ, ಮೇಲೆ ಉಂಡುಟ್ಟು ಓಡಾಡಿಕೊಂಡಿದ್ದಾನಲ್ಲ! ಬರುವ ಉತ್ತರ ಭಯಂಕರವಾದದ್ದು. ಮಾವನನ್ನು ಊಟಕ್ಕೆ ಕರೆದು ಕೊಲ್ಲಿಸಿದ ಕ್ಷಣದಲ್ಲೇ ಅವನ ಆತ್ಮ ಇಲ್ಲಿಗೆ ಬಿದ್ದಿತು. ಮೇಲೆ ತಿರುಗಾಡುತ್ತಿರುವುದು ದೆವ್ವ ಹೊಕ್ಕ ದೇಹ. ಬದುಕಿರುವ ಮನುಷ್ಯನೊಬ್ಬನನ್ನು ಹೆಸರಿಟ್ಟು ನರಕಕ್ಕೆ ಹಾಕಿದ ಈ ಧೈರ್ಯವನ್ನು ವಿಮರ್ಶಕರು ದಾಂತೆಯ ಸೇಡು ಎಂದು ಓದಬಹುದು. ನನಗೆ ಅದು ಕವಿಯೊಳಗಿನ ಅನುಮಾನವಾಗಿ ಕಾಣುತ್ತದೆ. ನರಕ ಶುರುವಾಗಲು ಸಾವಿಗಾಗಿ ಕಾಯಬೇಕಾಗಿಲ್ಲ ಎಂದು ಅವನಿಗೂ ಅನ್ನಿಸಿದೆ.

ಈ ಅನುಮಾನ ಕನ್ನಡಕ್ಕೆ ಹೊಸದಲ್ಲ. ದಾಂತೆಗಿಂತ ಒಂದೂವರೆ ಶತಮಾನ ಮೊದಲೇ ಬಸವಣ್ಣ ದೇವಲೋಕವನ್ನೂ ಮರ್ತ್ಯಲೋಕವನ್ನೂ ಬೇರೆ ಬೇರೆ ಊರುಗಳಾಗಿ ನೋಡಲು ಒಪ್ಪದೆ, ಆಡುವ ಮಾತು ಮತ್ತು ನಡೆಯುವ ನಡತೆಯಲ್ಲೇ ಅವುಗಳ ಗಡಿ ಗುರುತಿಸಿದ. ಜನ್ನನ ‘ಯಶೋಧರ ಚರಿತೆ’ಯಲ್ಲಿ (1209) ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟ ತಾಯಿಮಗ ನವಿಲಾಗಿ ನಾಯಾಗಿ ಜನ್ಮಜನ್ಮ ಅಲೆಯುತ್ತಾರೆ. ಆ ಕಾವ್ಯದ ಯಾತನೆಯೆಲ್ಲ ಈ ನೆಲದ ಮೇಲೆಯೇ, ನಮಗೆ ಪರಿಚಯವಿರುವ ಅಂಗಳಗಳಲ್ಲೇ ನಡೆಯುವುದು. ಜೈನ ಕವಿಗೆ ಸೃಷ್ಟಿಕರ್ತ ದೇವರು ಬೇಕಿಲ್ಲ. ಚಂಡಮಾರಿಯ ಗುಡಿಯಲ್ಲಿ ಕತ್ತಿ ಎತ್ತಿ ನಿಂತ ಮಾರಿದತ್ತನ ಮನಸ್ಸು ತಿರುಗಿದರೆ ಸಾಕು.

ಈಗ ಮಹಾಭಾರತಕ್ಕೆ ಬರೋಣ. ಕನ್ನಡದ ಓದುಗರಿಗೆ ಸ್ವರ್ಗಾರೋಹಣದ ಕತೆ ಹರಿಕತೆ, ಪ್ರವಚನಗಳಿಂದ ಗೊತ್ತಿರುವಷ್ಟು ನಮ್ಮ ದೊಡ್ಡ ಕಾವ್ಯಗಳಿಂದ ಗೊತ್ತಿಲ್ಲ. ಪಂಪ ಅರ್ಜುನನ ಪಟ್ಟಾಭಿಷೇಕಕ್ಕೆ ನಿಲ್ಲಿಸುತ್ತಾನೆ. ಕುಮಾರವ್ಯಾಸ ಗದಾಪರ್ವಕ್ಕೆ ಮುಗಿಸುತ್ತಾನೆ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಬೇಕಾಯಿತು. ಗೆಲುವಿನ ಆಚೆ ಏನಿದೆ ಎಂಬ ಪ್ರಶ್ನೆಗೆ ನಾವು ವ್ಯಾಸನ ಬಳಿಗೇ ಹೋಗಬೇಕು.

ಅಲ್ಲಿನ ಕತೆ ವಲಸಿಗನ ಕತೆಯಂತೆಯೇ ಆರಂಭವಾಗುತ್ತದೆ. ಧರ್ಮರಾಯ ಸಕಲ ಸುಖವಿರುವ ನಾಡನ್ನು ತಲುಪಿದ್ದಾನೆ. ಎಲ್ಲವೂ ಇದೆ, ತನ್ನವರು ಮಾತ್ರ ಇಲ್ಲ. ಎದುರಿಗೆ ದುರ್ಯೋಧನ ವೈಭವದಿಂದ ಕುಳಿತಿದ್ದಾನೆ. ಇಲ್ಲಿ ಹಳೆಯ ದ್ವೇಷಕ್ಕೆ ಜಾಗವಿಲ್ಲವೆಂದು ನಾರದ ಬುದ್ಧಿ ಹೇಳುತ್ತಾನೆ. ಧರ್ಮರಾಯ ಪಟ್ಟು ಬಿಡುವುದಿಲ್ಲ: ನನ್ನ ತಮ್ಮಂದಿರೆಲ್ಲಿ, ಕರ್ಣನೆಲ್ಲಿ, ಅವರಿರುವುದೇ ನನಗೆ ಸ್ವರ್ಗ. ದೇವದೂತನೊಬ್ಬ ಅವನನ್ನು ಕತ್ತಲ ದಾರಿಯಲ್ಲಿ ಕರೆದೊಯ್ಯುತ್ತಾನೆ. ಕೊಳೆತ ಮಾಂಸ, ಕುದಿಯುವ ನೀರಿನ ಹೊಳೆ, ಕತ್ತಿಯಂಥ ಎಲೆಗಳ ಕಾಡು, ತಡೆಯಲಾಗದ ನಾತ. ‘ಸಾಕಾದರೆ ಹಿಂತಿರುಗಬಹುದು’ ಎನ್ನುತ್ತಾನೆ ದೂತ. ಧರ್ಮರಾಯ ಹಿಂತಿರುಗಿಯೇ ಬಿಡುತ್ತಾನೆ. ಇದನ್ನು ಗಮನಿಸಬೇಕು, ವ್ಯಾಸ ಅವನನ್ನು ವೀರನನ್ನಾಗಿ ಮಾಡುವ ಅವಸರದಲ್ಲಿಲ್ಲ. ಆಗ ಕತ್ತಲಿನಿಂದ ದನಿಗಳು ಕೇಳಿಸುತ್ತವೆ: ಸ್ವಲ್ಪ ಹೊತ್ತು ನಿಲ್ಲು, ನಿನ್ನ ಮೈಮೇಲಿಂದ ಬೀಸುವ ಗಾಳಿಯಿಂದ ನಮ್ಮ ನೋವು ತಗ್ಗುತ್ತಿದೆ. ಯಾರು ನೀವು ಎಂದು ಕೇಳಿದರೆ ಒಬ್ಬೊಬ್ಬರೇ ಹೆಸರು ಹೇಳುತ್ತಾರೆ. ಕರ್ಣ, ಭೀಮ, ಅರ್ಜುನ, ದ್ರೌಪದಿ. ಧರ್ಮರಾಯ ದೇವತೆಗಳನ್ನೂ ಧರ್ಮವನ್ನೂ ನಿಂದಿಸಿ, ದೂತನಿಗೆ ನೀನು ಹೋಗು, ನಾನು ಇಲ್ಲೇ ಇರುತ್ತೇನೆ ಎನ್ನುತ್ತಾನೆ.

ಈ ಗಾಳಿಯನ್ನು ದಾಂತೆಯ ನರಕದ ಗಾಳಿಯ ಪಕ್ಕದಲ್ಲಿಡಿ. ಇನ್ಫರ್ನೊದ ಕಟ್ಟಕಡೆಯಲ್ಲಿ ಬೆಂಕಿಯಿಲ್ಲ, ಹಿಮವಿದೆ. ಲೂಸಿಫರ್ ಬಾವಲಿಯಂಥ ರೆಕ್ಕೆಗಳನ್ನು ಬಡಿಯುತ್ತಾನೆ, ಆ ಗಾಳಿಯಿಂದಲೇ ಸುತ್ತಲಿನ ಸರೋವರ ಹೆಪ್ಪುಗಟ್ಟಿದೆ. ಅವನೂ ಆ ಹಿಮದಲ್ಲಿ ಹೂತಿದ್ದಾನೆ. ತಪ್ಪಿಸಿಕೊಳ್ಳಲು ರೆಕ್ಕೆ ಬಡಿದಷ್ಟೂ ತನ್ನ ಸೆರೆಯನ್ನು ತಾನೇ ಗಟ್ಟಿ ಮಾಡಿಕೊಳ್ಳುತ್ತಾನೆ. ಒಂದು ಗಾಳಿ ತನ್ನ ಸುತ್ತಲಿನದನ್ನೆಲ್ಲ ಹೆಪ್ಪುಗಟ್ಟಿಸುತ್ತದೆ, ಇನ್ನೊಂದು ಯಾರದೋ ಉರಿಯನ್ನು ತಣಿಸುತ್ತದೆ. ಎರಡೂ ಜಾಗದ ಹೆಸರು ನರಕವೇ. ಕವಿಗಳಿಬ್ಬರೂ ಹೆಚ್ಚುಕಡಿಮೆ ಒಂದೇ ಸಾಮಗ್ರಿಯಿಂದ ನರಕ ಕಟ್ಟಿದ್ದಾರೆ: ಕತ್ತಲು, ನಾತ, ಕೂಗು. ಅವರು ಬೇರಾಗುವುದು ಅಲ್ಲಿಗೆ ಬಂದ ಜೀವಂತ ಮನುಷ್ಯ ಏನು ಮಾಡಬೇಕು ಎಂಬಲ್ಲಿ.

ಇನ್ಫರ್ನೊದ ಇಪ್ಪತ್ತನೆಯ ಸರ್ಗದಲ್ಲಿ ಕತ್ತು ಹಿಂದಕ್ಕೆ ತಿರುಚಿದ ಕಣಿಗಾರರನ್ನು ಕಂಡು ದಾಂತೆ ಅಳುತ್ತಾನೆ. ಗುರು ವರ್ಜಿಲ್ ಗದರುತ್ತಾನೆ. ದೈವದ ತೀರ್ಪಿಗೆ ಮರುಗುವುದು ಭಕ್ತಿಗೆ ವಿರುದ್ಧ ಎಂಬುದು ಅವನ ವಾದ. ಮುಂದೆ ಹಿಮದಲ್ಲಿ ಕಣ್ಣೀರೇ ಗಡ್ಡೆಗಟ್ಟಿದ ಒಬ್ಬನಿಗೆ ಅದನ್ನು ಬಿಡಿಸುವೆನೆಂದು ಮಾತು ಕೊಟ್ಟ ದಾಂತೆ, ಮಾತು ತಪ್ಪಿ ಮುಂದೆ ಹೋಗುತ್ತಾನೆ, ತಪ್ಪಿದ್ದೇ ಸರಿ ಎಂದೂ ಹೇಳಿಕೊಳ್ಳುತ್ತಾನೆ. ಅಲ್ಲಿ ಮರುಕವನ್ನು ಬಿಡುವುದೇ ಯಾತ್ರಿಕನ ಕಲಿಕೆ. ವ್ಯಾಸನಲ್ಲಿ ಮರುಕವೇ ಪರೀಕ್ಷೆ. ಮರುಗಿ ನಿಂತವನು ಪಾಸು.

ದೇವರ ಪ್ರಶ್ನೆಯೂ ಇಲ್ಲೇ ಕವಲೊಡೆಯುತ್ತದೆ. ದಾಂತೆಯ ನರಕದ ಬಾಗಿಲೇ ತನ್ನನ್ನು ಕಟ್ಟಿದ್ದು ದೈವದ ಶಕ್ತಿ, ಜ್ಞಾನ ಮತ್ತು ಪ್ರೀತಿ ಎಂದು ಸಾರುತ್ತದೆ. ಆದರೆ ಒಳಗೆ ಕ್ರಿಸ್ತನ ಹೆಸರನ್ನು ಒಮ್ಮೆಯೂ ಯಾರೂ ಉಚ್ಚರಿಸುವುದಿಲ್ಲ. ದೇವರು ಅಲ್ಲಿ ಕಟ್ಟಿದವನಾಗಿ, ತೀರ್ಪುಗಾರನಾಗಿ ಇದ್ದಾನೆ, ಜೊತೆಗಾರನಾಗಿ ಇಲ್ಲ. ಸ್ವರ್ಗಾರೋಹಣದಲ್ಲಿ ಧರ್ಮರಾಯ ದೇವರುಗಳನ್ನು ಬೈದು ನಿಂತ ಮೇಲೆ ಇಂದ್ರನೂ ಯಮಧರ್ಮನೂ ತಾವಾಗಿ ನರಕಕ್ಕೆ ಬರುತ್ತಾರೆ. ಅವರು ಬಂದೊಡನೆ ಕತ್ತಲು ಹರಿಯುತ್ತದೆ. ಹಾಗಾದರೆ ಅವರು ಬರುವ ಮುನ್ನ ಅಲ್ಲಿ ದೇವರಿರಲಿಲ್ಲವೇ? ಇದ್ದಿರಬೇಕು. ಮಗನ ಮೈಯಿಂದ ಬೀಸಿದ ಆ ಗಾಳಿ ಮತ್ತೇನು? ಹಿಂದಿನ ಪರ್ವದಲ್ಲಿ ಇದೇ ಯಮಧರ್ಮ ನಾಯಿಯ ರೂಪದಲ್ಲಿ ಹಿಂದೆ ಹಿಂದೆ ನಡೆದುಬಂದಿದ್ದ.

ವ್ಯಾಸನ ಪಠ್ಯವನ್ನು ಹೊಗಳಿ ಸುಮ್ಮನಾಗಲು ಮನಸ್ಸು ಒಪ್ಪುವುದಿಲ್ಲ. ಇಂದ್ರ ಬಂದು ಕೊಡುವ ವಿವರಣೆ ನನಗೆ ತೊಡಕಾಗಿ ಕಾಣುತ್ತದೆ. ಇದೆಲ್ಲ ಮಾಯೆ, ರಾಜನಾದವನು ಒಮ್ಮೆ ನರಕ ನೋಡಲೇಬೇಕು, ದ್ರೋಣನಿಗೆ ಹೇಳಿದ ಅರೆಸುಳ್ಳಿಗೆ ಇದು ಫಲ ಎನ್ನುತ್ತಾನೆ ಅವನು. ಅಷ್ಟು ತೂಕದ ದೃಶ್ಯ ಲೆಕ್ಕಪತ್ರದ ಒಂದು ಸಾಲಾಗಿ ಕುಗ್ಗಿಬಿಡುತ್ತದೆ. ಆಮೇಲೆ ಧರ್ಮರಾಯ ದೇವಗಂಗೆಯಲ್ಲಿ ಮಿಂದು ಮನುಷ್ಯದೇಹವನ್ನೂ ಅದರ ದುಃಖ, ವೈರಗಳನ್ನೂ ಕಳಚುತ್ತಾನೆ. ಅಂದರೆ ‘ನಾನು ಇಲ್ಲೇ ಇರುತ್ತೇನೆ’ ಎಂಬುದು ಅವನು ಮನುಷ್ಯನಾಗಿ ತೆಗೆದುಕೊಂಡ ಕೊನೆಯ ನಿರ್ಧಾರ. ನೋವು ಮಾಯೆಯಾಗಿದ್ದರೂ ಆ ನಿರ್ಧಾರ ಮಾಯೆಯಲ್ಲ, ಏಕೆಂದರೆ ಮಾಯೆ ಎಂಬುದು ಆಗ ಅವನಿಗೆ ಗೊತ್ತಿರಲಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ನಿಲ್ಲಲು ಯಾರೂ ಇಲ್ಲದವರ ಗತಿಯೇನು? 2021ರ ಮೇ ತಿಂಗಳಲ್ಲಿ, ಕೋವಿಡ್‌ನ ಎರಡನೇ ಅಲೆಯಲ್ಲಿ, ನನ್ನ ಅಣ್ಣ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿದ್ದ. ಆಸ್ಟ್ರೇಲಿಯಾದ ನಾಗರಿಕರು 2020ರ ಮಾರ್ಚ್‌ನಿಂದ 2021ರ ನವೆಂಬರ್‌ವರೆಗೆ ವಿಶೇಷ ಅನುಮತಿಯಿಲ್ಲದೆ ದೇಶ ಬಿಡುವಂತಿರಲಿಲ್ಲ. ಅತ್ತಿಗೆಗೂ ವಾರ್ಡಿನೊಳಗೆ ಪ್ರವೇಶವಿರಲಿಲ್ಲ. ಮುಖವೇ ಕಾಣದಂತೆ ಪಿಪಿಇ ತೊಟ್ಟ ಆಯಾ ಒಬ್ಬರು ಅಣ್ಣನ ಕಿವಿಗೆ ಫೋನು ಹಿಡಿದು ‘ತಮ್ಮ ಲೈನಲ್ಲಿದಾರೆ ಸಾರ್’ ಎಂದರು. ನಾನು ಏನೇನೋ ಹೇಳಿದೆ. ಮಾತು ಮುಗಿದ ಮೇಲೂ ಅವರು ಕರೆ ಕಡಿಯಲಿಲ್ಲ, ಕೈಗವಸಿನ ಕೈಯಿಂದ ಅವನ ಹಣೆ ಸವರುತ್ತ ಇನ್ನೊಂದೆರಡು ನಿಮಿಷ ನಿಂತಿದ್ದರು. ಅವರ ಪಾಳಿ ಎಷ್ಟು ಗಂಟೆಯದೋ, ಆ ಸಾಲಿನಲ್ಲಿ ಇನ್ನೆಷ್ಟು ಹಾಸಿಗೆಗಳಿದ್ದವೋ. ಅಣ್ಣ ಮೂರನೆಯ ದಿನ ತೀರಿಕೊಂಡ.

ಆ ವಾರ್ಡು ನರಕವಾಗಿತ್ತೇ ಎಂದು ಕೇಳಿದರೆ ನೋವಿನ ಲೆಕ್ಕದಲ್ಲಿ ಹೌದು. ಅಲ್ಲಿ ಗಾಳಿಯೇ ಸಾಲದಾಗಿತ್ತು. ಆದರೂ ದಾಂತೆಯ ಹಿಮಸರೋವರಕ್ಕೂ ಅದಕ್ಕೂ ವ್ಯತ್ಯಾಸವಿತ್ತು, ಆ ವ್ಯತ್ಯಾಸ ಎರಡು ನಿಮಿಷದಷ್ಟು ಉದ್ದವಿತ್ತು. ಇದರಿಂದ ದೇವರು ದಯಾಮಯನೆಂದು ಸಾಧಿಸಿದಂತಾಗುವುದಿಲ್ಲ; ಆ ದಿನಗಳಲ್ಲಿ ಯಾರೂ ನಿಲ್ಲದೆ, ಯಾರ ಕೈಯೂ ಸೋಕದೆ ಹೋದವರೂ ಇದ್ದಾರೆ. ಅವರ ಮುಂದೆ ವ್ಯಾಸನ ಇಂದ್ರನ ವಿವರಣೆಯನ್ನು ಹೇಳುವ ಧೈರ್ಯ ಯಾರಿಗೂ ಬಾರದಿರಲಿ. ಕಾವ್ಯಕ್ಕೆ ಉತ್ತರ ಕೊಡುವ ಹೊಣೆ ಇಲ್ಲದಿದ್ದರೂ ಪ್ರಶ್ನೆಯನ್ನು ಸರಿಯಾದ ಕಡೆಗೆ ತಿರುಗಿಸುವ ಶಕ್ತಿಯಿದೆ. ದೇವರು ಎಲ್ಲಿದ್ದಾನೆ ಎಂಬುದನ್ನು ಸ್ವರ್ಗಾರೋಹಣ ಪರ್ವ ‘ನೀನು ಎಲ್ಲಿ ನಿಂತೆ?’ ಎಂಬುದಾಗಿ ಬದಲಿಸುತ್ತದೆ.

ದೂರದಲ್ಲಿರುವವರಿಗೆ ಈ ಪ್ರಶ್ನೆ ಹೆಚ್ಚು ಚುಚ್ಚುತ್ತದೆ, ನಿಜ. ನಾವು ನಿಲ್ಲಬೇಕಾದ ಜಾಗಕ್ಕೂ ನಾವಿರುವ ಜಾಗಕ್ಕೂ ನಡುವೆ ಸಮುದ್ರಗಳಿವೆ. ಆದರೆ ನಮ್ಮ ಪಕ್ಕದ ಹಾಸಿಗೆಯಲ್ಲೂ, ಪಕ್ಕದ ಮನೆಯಲ್ಲೂ ದೂರದ ಊರಿನ ಯಾರದೋ ಅಣ್ಣ, ಯಾರದೋ ತಾಯಿ ಇರುತ್ತಾರೆ. ಧರ್ಮರಾಯ ಹಿಂತಿರುಗಿ ನಿಂತದ್ದು ಹೆಸರುಗಳನ್ನು ಕೇಳುವ ಮೊದಲು. ಆ ದನಿಗಳು ತನ್ನವರದೆಂದು ಅವನಿಗೆ ಇನ್ನೂ ತಿಳಿದಿರಲಿಲ್ಲ. ವ್ಯಾಸ ಈ ಕ್ರಮವನ್ನು ಬೇಕೆಂದೇ ಇಟ್ಟಿದ್ದಾನೆ ಎಂದು ನಾನು ನಂಬುತ್ತೇನೆ.