ಕಳೆದುಹೋದ ‘ಅಂತೆ’: ನಿರಾಶ್ರಿತರ ಹೇಳಿಕೆ ಮತ್ತು ವಿಶ್ವಾಸಾರ್ಹತೆಯ ಓದು

ನಿರಾಶ್ರಿತ ರಕ್ಷಣೆ ಕೋರುವವರ ಬಳಿ ದಾಖಲೆಗಳಿರುವುದು ವಿರಳ; ಹೇಳಿಕೆಯೇ ಅವರ ಮುಖ್ಯ ಸಾಕ್ಷ್ಯ. ಆದುದರಿಂದ ವೀಸಾ ನಿರಾಕರಣೆಯ ವಿರುದ್ಧ ಸಲ್ಲುವ ಮೇಲ್ಮನವಿಗಳಲ್ಲಿ ವಿವಾದವು ಬಹುಮಟ್ಟಿಗೆ ಒಂದು ಕಥನವನ್ನು ಓದುವ ಬಗೆಯನ್ನು ಕುರಿತದ್ದು. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯು 1979ರಲ್ಲಿ ಹೊರತಂದ ಕೈಪಿಡಿಯ ಪ್ರಕಾರ ಹೇಳಿಕೆಯು ಸುಸಂಬದ್ಧವೂ ಸಂಭವನೀಯವೂ ಆಗಿರಬೇಕು, ಸರ್ವವಿದಿತ ಸಂಗತಿಗಳಿಗೆ ವಿರುದ್ಧವಾಗಿರಬಾರದು. ಆಗ ಸಂಶಯದ ಲಾಭ ಅರ್ಜಿದಾರರಿಗೆ ಸಲ್ಲಬೇಕು. ವಾಸ್ತವವಾದಿ ಕಾದಂಬರಿಯಿಂದ ಓದುಗರು ಬಯಸುವುದೂ ಇವೇ ಗುಣಗಳನ್ನು. ಕಾದಂಬರಿಯನ್ನು ನಂಬದ ಓದುಗ ಪುಸ್ತಕವನ್ನು ಮುಚ್ಚಿಡುತ್ತಾನೆ. ಹೇಳಿಕೆಯನ್ನು ನಂಬದ ಅಧಿಕಾರಿ ಮನುಷ್ಯನನ್ನು ಹಿಂದಕ್ಕೆ ಕಳುಹಿಸುತ್ತಾನೆ.

ಈ ಓದು ಬಹುತೇಕ ಅನುವಾದದ ಮೂಲಕವೇ ನಡೆಯುತ್ತದೆ. ಅದರಿಂದಾಗುವ ಹಾನಿಯನ್ನು ಅರಿಯಲು ಕಾಸರಗೋಡಿನ ಭಾಷಾಪರಿಸರದಿಂದಲೇ ಉದಾಹರಣೆಗಳನ್ನು ಆರಿಸಬಹುದು. ‘ರಾತ್ರಿ ಅವರು ಮನೆಗೆ ಬಂದರಂತೆ’ ಎಂಬ ವಾಕ್ಯದಲ್ಲಿ, ತಾನು ಕಂಡದ್ದಲ್ಲ, ಕೇಳಿದ್ದು ಎಂಬುದನ್ನು ಮಾತುಗಾರ ‘ಅಂತೆ’ಯಿಂದಲೇ ತಿಳಿಸಿದ್ದಾನೆ. ತುಳುವಿನ ‘ಗೆ’, ಮಲಯಾಳದ ‘ಅತ್ರೇ’ ಮಾಡುವ ಕೆಲಸವೂ ಇದೇ. ಇಂಗ್ಲಿಷಿನಲ್ಲಿ ಇದಕ್ಕೆ ಪ್ರತ್ಯಯವಿಲ್ಲ. ಅವಸರದ ದುಭಾಷಿ ‘ಅವರು ಬಂದರು’ ಎಂದಷ್ಟೇ ಹೇಳುತ್ತಾನೆ. ಮೇಲ್ಮನವಿಯಲ್ಲಿ ‘ನೀವು ಅವರನ್ನು ನೋಡಿದಿರಾ?’ ಎಂದು ಕೇಳಿದಾಗ ‘ಇಲ್ಲ’ ಎಂಬ ಪ್ರಾಮಾಣಿಕ ಉತ್ತರವೇ ವಿರೋಧಾಭಾಸವಾಗಿ ದಾಖಲಾಗುತ್ತದೆ. ‘ಆಟಿಯಲ್ಲಿ’ ಎಂದದ್ದು ಒಮ್ಮೆ ಜುಲೈ, ಮತ್ತೊಮ್ಮೆ ಆಗಸ್ಟ್ ಆಗಬಹುದು. ದೊಡ್ಡಪ್ಪನ ಮಗನನ್ನು ‘ಅಣ್ಣ’ ಎಂದವನ ಅರ್ಜಿಯಲ್ಲಿ ಒಡಹುಟ್ಟಿದವರ ಹೆಸರಿಲ್ಲದಿದ್ದರೆ ಅವನು ಸುಳ್ಳುಗಾರನೆನಿಸಬಹುದು.

ಮೇಲ್ಮನವಿಯ ಹಂತದಲ್ಲಿ ಈ ತೊಡಕು ಇನ್ನಷ್ಟು ಬಿಗಿಯಾಗುತ್ತದೆ. ಆಸ್ಟ್ರೇಲಿಯದ ವಲಸೆ ಕಾಯಿದೆಗೆ 2015ರಲ್ಲಿ ತಂದ ತಿದ್ದುಪಡಿಯಂತೆ, ಮೊದಲು ಹೇಳದ ಸಂಗತಿಯನ್ನು ಸಮರ್ಪಕ ಕಾರಣವಿಲ್ಲದೆ ಮರುಪರಿಶೀಲನೆಯಲ್ಲಿ ಹೇಳಿದರೆ ನ್ಯಾಯಮಂಡಳಿಯು ಅದರ ವಿಶ್ವಾಸಾರ್ಹತೆಯ ಬಗ್ಗೆ ಪ್ರತಿಕೂಲ ತೀರ್ಮಾನಕ್ಕೆ ಬರಬೇಕು. ಭಯ, ಲಜ್ಜೆಗಳಿಂದ ತಡವಾಗಿ ಬಾಯಿಗೆ ಬರುವ ಮಾತನ್ನು ಈ ನಿಯಮ ಮೊದಲೇ ಸಂಶಯದಿಂದ ನೋಡುತ್ತದೆ. ಇದಕ್ಕೆ ಪ್ರತಿಯಾಗಿ, ಸ್ವದೇಶದ ಪ್ರಕರಣಗಳಲ್ಲಿ ನೆರವಾಗುವ ‘ಇದು ಅಸಂಭವ’ ಎಂಬ ತರ್ಕ ನಿರಾಶ್ರಿತರ ವಿಷಯದಲ್ಲಿ ಅಪಾಯಕಾರಿಯಾಗಬಹುದೆಂದು ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 2006ರಲ್ಲಿ ಎಚ್ಚರಿಸಿತ್ತು: ನ್ಯಾಯಾಧೀಶರಿಗೆ ಪರಿಚಿತವಾದ ಬದುಕಷ್ಟೇ ಸಂಭವನೀಯತೆಯ ಅಳತೆಗೋಲಾಗದು.

ಎಲ್ಲ ವೈರುಧ್ಯಗಳ ಹೊಣೆಯನ್ನೂ ಭಾಷಾಂತರದ ಮೇಲೆ ಹೊರಿಸಲಾಗದು. ಕಟ್ಟುಕಥೆಗಳೂ ಉಂಟು, ಅವನ್ನು ಬೇರ್ಪಡಿಸುವುದು ನ್ಯಾಯಮಂಡಳಿಯ ಕರ್ತವ್ಯ. ಆದರೆ ವೈರುಧ್ಯವು ಮಾತಿನದೋ ದಾಖಲೆಯದೋ ಎಂಬುದನ್ನು ಮೊದಲು ನಿರ್ಣಯಿಸಬೇಕು. ಮೂಲಭಾಷೆಯ ಧ್ವನಿಮುದ್ರಣವಿಲ್ಲದೆ ಆ ನಿರ್ಣಯ ಕಷ್ಟ.

ಭಾರತವು 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ. ಇಂಥ ವೀಸಾ ಮೇಲ್ಮನವಿ ಇಲ್ಲಿಲ್ಲ. ಆದರೆ ಪ್ರಶ್ನೆಯ ತಿರುಳು ವಿದ್ಯಾನಗರದ ಜಿಲ್ಲಾ ನ್ಯಾಯಾಲಯಕ್ಕೆ ದೂರದ್ದಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 312ನೆಯ ಕಲಮು, ನ್ಯಾಯಾಲಯದ ಭಾಷೆಯಲ್ಲದ ಭಾಷೆಯಲ್ಲಿ ನುಡಿದ ಸಾಕ್ಷ್ಯವನ್ನು ಸಾಧ್ಯವಿದ್ದರೆ ಅದೇ ಭಾಷೆಯಲ್ಲಿ, ಇಲ್ಲದಿದ್ದರೆ ನಿಜವಾದ ಅನುವಾದವಾಗಿ ದಾಖಲಿಸಬೇಕೆನ್ನುತ್ತದೆ. ‘ಸಾಧ್ಯವಿದ್ದರೆ’ ಎಂಬ ಆ ಒಂದು ಪದದಲ್ಲಿ ಭಾಷಾ ಅಲ್ಪಸಂಖ್ಯಾತ ಸಾಕ್ಷಿಯ ಅದೃಷ್ಟ ಅಡಗಿದೆ. ‘ಅಂತೆ’ಯನ್ನು ಉಳಿಸಿಕೊಳ್ಳುವ ಅನುವಾದವೇ ನಿಜವಾದ ಅನುವಾದ, ಅದನ್ನು ಕೈಬಿಟ್ಟ ದಾಖಲೆಯನ್ನು ಆಧರಿಸಿ ಯಾರನ್ನೂ ಸುಳ್ಳುಗಾರನೆಂದು ತೀರ್ಮಾನಿಸಲಾಗದು.