ಕರಿಹಲಗೆಯ ಮೇಲಿನ ಚಪ್ಪಟೆ ಅಣುಗಳು

‘ಆಕಾರ ಸಮ್ಮಿತೀಯವಾಗಿದ್ದರೆ ಅಣು ಅಧ್ರುವೀಯ’ ಎಂಬ ಸೂತ್ರವನ್ನು ನೀವೂ ಬಾಯಿಪಾಠ ಮಾಡಿರಬಹುದು. ಇದು ಪರೀಕ್ಷೆಗೆ ಸಾಕಾಗಬಹುದು, ರಸಾಯನವಿಜ್ಞಾನಕ್ಕೆ ಸಾಲದು. ನೀರಿನ ಅಣುವನ್ನೇ ನೋಡಿ. ಅದರ ಎಡ, ಬಲ ಭಾಗಗಳು ಒಂದೇ ತೆರನಾಗಿವೆ. ಆದರೂ ಅದು ಧ್ರುವೀಯ. ಹಾಗಾದರೆ ಸರಿಯಾದ ಪ್ರಶ್ನೆ ಯಾವುದು? ಬಂಧಗಳ ಸೆಳೆತಗಳನ್ನು ದಿಕ್ಕುಸಮೇತ ಕೂಡಿದಾಗ ಏನು ಉಳಿಯುತ್ತದೆ ಎಂಬುದು.

ಕಾರ್ಬನ್ ಡೈಆಕ್ಸೈಡ್ ಸರಳರೇಖೆಯ ಅಣು. ಎರಡು ಆಕ್ಸಿಜನ್‌ಗಳೂ ಎದುರುಬದುರು ಸಮಬಲದಿಂದ ಎಳೆಯುವುದರಿಂದ ಉಳಿಯುವುದು ಸೊನ್ನೆ. ನೀರಿನ ಅಣು ಬಾಗಿದೆ, ಬಂಧಕೋನ 104.5 ಡಿಗ್ರಿ. ಸೆಳೆತಗಳು ರದ್ದಾಗದೆ 1.85 ಡಿಬೈ ಉಳಿಯುತ್ತದೆ.

ಈಗ ಡೈಕ್ಲೋರೋಮೀಥೇನ್ ಅನ್ನು ಹಲಗೆಯ ಮೇಲೆ ಕೂಡುಚಿಹ್ನೆಯಂತೆ ಬರೆಯಿರಿ. ಕ್ಲೋರಿನ್‌ಗಳನ್ನು ಎದುರುಬದುರು ಇಟ್ಟರೆ ಅಧ್ರುವೀಯ, ಪಕ್ಕಪಕ್ಕ ಇಟ್ಟರೆ ಧ್ರುವೀಯ ಎಂದು ಕಾಣುತ್ತದೆ. ಆದರೆ ನಿಸರ್ಗದಲ್ಲಿರುವುದು ಒಂದೇ ಡೈಕ್ಲೋರೋಮೀಥೇನ್, ಅದು ಧ್ರುವೀಯ. ಚಪ್ಪಟೆ ಕಾರ್ಬನ್ ಇದ್ದರೆ ಇಂಥ ಸಂಯುಕ್ತಗಳಿಗೆ ಎರಡು ರೂಪಗಳಿರಬೇಕಿತ್ತು ಎಂಬ ವಾದವನ್ನೂ ಬಳಸಿ ವ್ಯಾಂಟ್ ಹಾಫ್ 1874ರಲ್ಲಿ ಚತುರ್ಮುಖಿ ಕಾರ್ಬನ್ನನ್ನು ಪ್ರತಿಪಾದಿಸಿದರು. ಅದಾಗಿ ಒಂದೂವರೆ ಶತಮಾನ ಕಳೆದರೂ ನಮ್ಮ ಹಲಗೆಯ ಮೇಲೆ ಅಣುಗಳು ಚಪ್ಪಟೆಯಾಗಿಯೇ ಇವೆ.

ಈ ಪಾಠ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ವಿದ್ಯಾರ್ಥಿಗಳಿಗೆ ದೂರದ ವಿಷಯವೇನಲ್ಲ. ಈ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಹಳೆಯ ಸಮಸ್ಯೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವಿಲ್ಲದಾಗ 1.5ರವರೆಗೆ ಮಾತ್ರ ಅನುಮತಿ. ಶಿಲೆಯ ಖನಿಜಗಳಿಂದ ಬಿಡುಗಡೆಯಾದ ಫ್ಲೋರೈಡ್ ಅಯಾನನ್ನು ನೀರಿನ ಅಣುಗಳು ತಮ್ಮ ಹೈಡ್ರೋಜನ್ ತುದಿಗಳಿಂದ ಸುತ್ತುವರಿಯುತ್ತವೆ. ಬಾಗಿದ ಆಕಾರದ ಫಲವಿದು. ಎಷ್ಟು ಫ್ಲೋರೈಡ್ ಕರಗೀತು ಎಂಬುದು ಖನಿಜದ ಬಗೆ, ನೀರಿನಲ್ಲಿರುವ ಕ್ಯಾಲ್ಸಿಯಂ ಮುಂತಾದವನ್ನೂ ಅವಲಂಬಿಸಿದೆ. ಹೀಗೆ ಕರಗಿದ ಅಯಾನು ಬಟ್ಟೆಯಲ್ಲಿ ಸೋಸಿದರೆ ನಿಲ್ಲದು. ಕುದಿಸಿದರೆ ಆವಿಯಾಗುವುದು ನೀರು. ಪಾತ್ರೆಯಲ್ಲಿ ಉಳಿದ ನೀರಿನಲ್ಲಿ ಫ್ಲೋರೈಡ್ ಇನ್ನಷ್ಟು ಸಾಂದ್ರವಾಗುತ್ತದೆ. ಇಷ್ಟನ್ನು ತಿಳಿದ ವಿದ್ಯಾರ್ಥಿ ಮನೆಯವರಿಗೂ ತಿಳಿಹೇಳಬಲ್ಲ.

ಶಿಕ್ಷಕರಲ್ಲಿ ಒಂದು ಸಲಹೆ. ದುಬಾರಿ ಮಾದರಿಗಳು ಬೇಕಿಲ್ಲ. ಜೋಳದ ದಂಟಿನ ಬೆಂಡು, ನಾಲ್ಕು ಕಡ್ಡಿ, ಜೇಡಿಮಣ್ಣಿನ ಉಂಡೆಗಳು ಸಾಕು. ಡೈಕ್ಲೋರೋಮೀಥೇನ್ ಮಾದರಿಯನ್ನು ಮಕ್ಕಳೇ ಮಾಡಿ, ಕೈಯಲ್ಲಿ ತಿರುಗಿಸಿ ನೋಡಲಿ. ಎರಡು ಕ್ಲೋರಿನ್‌ಗಳನ್ನು ಎಲ್ಲಿ ಚುಚ್ಚಿದರೂ ಅದೇ ಅಣು ಬರುವುದನ್ನು ಅವರೇ ಕಂಡುಕೊಳ್ಳುವರು. ಸೂತ್ರವನ್ನು ಆಮೇಲೆ ಹೇಳಿ.