ಮದ್ಲೆನ್ 'ಅವಳು' ಆಗಬೇಕೇ?

ಫ್ರೆಂಚ್ ಕಲಿಯುವಾಗ ನಾನು ಹೆಚ್ಚು ಎಡವಿದ್ದು ಊಟ-ತಿಂಡಿಯ ಪದಗಳಲ್ಲಿ. ಬ್ರೆಡ್ಡು ಪುಲ್ಲಿಂಗ, ಅದರ ಗಟ್ಟಿ ಹೊರಪದರ ಸ್ತ್ರೀಲಿಂಗ. ಹಾಲು ಪುಲ್ಲಿಂಗ, ಅದರ ಕೆನೆ ಸ್ತ್ರೀಲಿಂಗ. ಅನ್ನ, ಸಾರು, ಮಜ್ಜಿಗೆ ಎಲ್ಲವನ್ನೂ 'ಅದು' ಎಂದೇ ಕರೆದು ಬೆಳೆದ ನನಗೆ ಇದು ಮೊದಲು ತಲೆನೋವು, ಆಮೇಲೆ ಕಾವ್ಯ. ಕೆನೆ ಹೆಣ್ಣಾದದ್ದರಲ್ಲಿ ಏನೋ ಗುಟ್ಟಿರಬೇಕು ಎಂದು ನಂಬಿದ್ದೆ.

ಆ ನಂಬಿಕೆ ಬಹಳ ದಿನ ಉಳಿಯಲಿಲ್ಲ. ಪಕ್ಕದ ಸ್ಪ್ಯಾನಿಷ್‌ನಲ್ಲಿ ಅದೇ ಹಾಲು ಸ್ತ್ರೀಲಿಂಗ. ಎರಡಕ್ಕೂ ಮೂಲವಾದ ಲ್ಯಾಟಿನ್‌ನಲ್ಲಿ ನಪುಂಸಕ. ಲ್ಯಾಟಿನ್ನಿನ ನಪುಂಸಕಲಿಂಗ ಅಳಿದಾಗ ಅದರ ಪದಗಳು ಉಳಿದೆರಡು ಲಿಂಗಗಳಲ್ಲಿ ಹಂಚಿಹೋದವು. ಹಣ್ಣು ಎಂಬರ್ಥದ ಪದದ ಬಹುವಚನ 'ಪೋಮ'. ಕೊನೆಯ 'ಅ'ಕಾರದಿಂದ ಅದು ಸ್ತ್ರೀಲಿಂಗದ ಏಕವಚನದಂತೆ ಕೇಳಿಸಿತು. ಸೇಬು ಫ್ರೆಂಚಿನಲ್ಲಿ ಹಾಗೆ ಹೆಣ್ಣಾಯಿತು. ಇದರಲ್ಲಿ ಈವಳ ಪಾತ್ರವೇನೂ ಇಲ್ಲ.

ಆದರೂ ಮಾರ್ಸೆಲ್ ಪ್ರೂಸ್ತ್‌ನ ಹೆಸರಾಂತ ಪುಟವನ್ನು ಕನ್ನಡಿಸಲು ಕುಳಿತಾಗ ಹಳೆಯ ಅಳುಕು ಮರಳಿತು. 1913ರಲ್ಲಿ ಬಂದ ಆ ಕಾದಂಬರಿಯ ಮೊದಲ ಸಂಪುಟದಲ್ಲಿ ತಾಯಿ ಮಗನಿಗೆ ಚಹಾದ ಜೊತೆ ಮದ್ಲೆನ್ ಎಂಬ ಪುಟ್ಟ ಕೇಕು ತರಿಸಿಕೊಡುತ್ತಾಳೆ. ಅದರ ರುಚಿಯಿಂದ ಬಾಲ್ಯವೇ ಎದ್ದುಬರುತ್ತದೆ. ಮದ್ಲೆನ್ ಸ್ತ್ರೀಲಿಂಗ. ಕನ್ನಡದಲ್ಲಿ 'ಅದು' ಎಂದೊಡನೆ ಆ ತಿನಿಸಿನ ಮೇಲಿರುವ ತಾಯಿಯ ನೆರಳು ಅಳಿಸಿಹೋಗುವುದಿಲ್ಲವೇ?

ಪುಟವನ್ನು ನಿಧಾನವಾಗಿ ಓದಿದಾಗ ಉತ್ತರ ಸಿಕ್ಕಿತು. ಪ್ರೂಸ್ತ್ ಆ ತಿನಿಸನ್ನು ಒಮ್ಮೆ 'ಗಾತೋ' ಎನ್ನುತ್ತಾನೆ, ಅಂದರೆ ಕೇಕು, ಪುಲ್ಲಿಂಗ. ಮತ್ತೊಮ್ಮೆ ಮದ್ಲೆನ್, ಸ್ತ್ರೀಲಿಂಗ. ಮುಂದೆ ಅದನ್ನೇ ಕಪ್ಪೆಚಿಪ್ಪಿಗೆ ಹೋಲಿಸುವಾಗ ಬಳಸುವ ಪದ ಮತ್ತೆ ಪುಲ್ಲಿಂಗ. ತಿನಿಸು ಒಂದೇ, ಲಿಂಗ ಪದದಿಂದ ಪದಕ್ಕೆ ಬದಲಾಗುತ್ತದೆ, ಓದುವವರಿಗೆ ಅದು ತಟ್ಟುವುದೂ ಇಲ್ಲ.

ಇನ್ನೊಂದು ಸಾಕ್ಷಿ ಅವನ ಕರಡುಗಳಲ್ಲಿದೆ. ಮೊದಲು ಚಹಾದಲ್ಲಿ ಅದ್ದಿದ್ದು ಸುಟ್ಟ ಬ್ರೆಡ್ಡು, ಪುಲ್ಲಿಂಗ. ನಂತರ 'ಬಿಸ್ಕೋತ್', ಒಂದು ಬಗೆಯ ರಸ್ಕು, ಸ್ತ್ರೀಲಿಂಗ. ಹೆಣ್ಣುಲಿಂಗವೊಂದೇ ಬೇಕಿದ್ದರೆ ಅವನು ಅಲ್ಲಿಗೇ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಅವನಿಗೆ ಬೇಕಿದ್ದದ್ದು ಹೆಸರು ಎಂಬುದು ನನ್ನ ಓದು. ಮದ್ಲೆನ್ ಎನ್ನುವುದು ಹೆಂಗಸರ ಹೆಸರೂ ಹೌದು. ಅದೇ ಸಂಪುಟದಲ್ಲಿ ತಾಯಿ ಹುಡುಗನಿಗೆ ರಾತ್ರಿ ಓದಿಹೇಳುವುದು ಜಾರ್ಜ್ ಸ್ಯಾಂಡ್‌ಳ 'ಫ್ರಾನ್ಸ್ವಾ ಲ ಶಾಂಪಿ'. ಅದರಲ್ಲಿ ಅನಾಥ ಹುಡುಗನನ್ನು ಸಾಕುವ ಗಿರಣಿಯವನ ಹೆಂಡತಿಯ ಹೆಸರೂ ಮದ್ಲೆನ್. ತಾಯಿಯ ನೆರಳು ಬೀಳುವುದು ಅಲ್ಲಿಂದ.

ಹಾಗಾಗಿ ಕನ್ನಡದ 'ಅದು'ವಿನಿಂದ ನಷ್ಟವಾಗುವುದು ನಾನು ಹೆದರಿದ್ದಕ್ಕಿಂತ ಕಡಿಮೆ. ಅನುವಾದಕರು ನಿಜಕ್ಕೂ ಕಳೆದುಕೊಳ್ಳುವುದು ಹೆಸರನ್ನು ಬಿಟ್ಟಾಗ. ಓದುಗರಿಗೆ ಸುಲಭವಾಗಲೆಂದು ನನ್ನ ಮೊದಲ ಕರಡಿನಲ್ಲಿ ಉದ್ದಕ್ಕೂ 'ಪುಟ್ಟ ಕೇಕು' ಎಂದು ಬರೆದಿದ್ದೆ. ಈಗ ಅದನ್ನೆಲ್ಲ ಹೊಡೆದುಹಾಕಿ 'ಮದ್ಲೆನ್' ಎಂದು ತಿದ್ದಿದ್ದೇನೆ. 'ಅದು' ಹಾಗೆಯೇ ಉಳಿದಿದೆ.